ಮಂಡಿ ಶಸ್ತ್ರಚಿಕಿತ್ಸೆಯ ಸರದಿಯಲ್ಲಿ ಕುಳಿತು ಬರೆದ ಉತ್ತರ

ಆತ್ಮೀಯರೇ,

ಕೆನಡಾದ ಮಿಸಿಸಾಗಾಕ್ಕೆ ಬಂದು ಐದು ತಿಂಗಳಾಯಿತೆಂದೂ, ಇಲ್ಲಿ ಚಿಕಿತ್ಸೆ ಉಚಿತವಾದರೂ ವರ್ಷಗಟ್ಟಲೆ ಕಾಯಿಸುತ್ತಾರೆಂಬ ಮಾತು ಕೇಳಿ ಗಾಬರಿಯಾಗಿದೆಯೆಂದೂ ಬರೆದಿದ್ದೀರಿ. ವಯಸ್ಸಾದ ಮೇಲೆ ನಮ್ಮವರ ದಿನ ಇಲ್ಲಿ ಹೇಗೆ ಕಳೆಯುತ್ತದೆ, ದಾವಣಗೆರೆಯಲ್ಲಿರುವ ತಾಯಿಯವರನ್ನು ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು 1989ರಲ್ಲಿ ಮೈಸೂರಿನಿಂದ ಬಂದವನು. ನಿವೃತ್ತನಾಗಿ ಮೂರು ವರ್ಷವಾಯಿತು, ಈಗ ಎಡ ಮಂಡಿಯ ಕೀಲು ಬದಲಾವಣೆಗೆ ಕಾಯುತ್ತಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಕೇಳಿದ ಮಾತಿನಿಂದಲ್ಲ, ಕಂಡ ಅನುಭವದಿಂದಲೇ ಉತ್ತರಿಸುತ್ತೇನೆ.

ಕಾಯಬೇಕಾಗುತ್ತದೆ ಎಂಬುದು ನಿಜ. ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ತೀರ್ಮಾನವಾದ ಮೇಲೆ 26 ವಾರಗಳೊಳಗೆ ಮಂಡಿ ಬದಲಾವಣೆ ಮುಗಿಯಬೇಕೆಂಬುದು ಕೆನಡಾ ತನಗೆ ಹಾಕಿಕೊಂಡಿರುವ ಗುರಿ. ಆದರೆ ಆ ಲೆಕ್ಕ ಆರಂಭವಾಗುವ ಮೊದಲೇ ಇನ್ನೊಂದು ಕಾಯುವಿಕೆ ಇರುತ್ತದೆ; ಅದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ಎಕ್ಸ್‌ರೇ ನೋಡಿದ ನಮ್ಮ ಫ್ಯಾಮಿಲಿ ಡಾಕ್ಟರ್, ಮೂಳೆಗಳ ನಡುವಿನ ಮೆತ್ತೆ ಪೂರ್ತಿ ಸವೆದಿದೆಯೆಂದು ಹೇಳಿ ತಜ್ಞರಿಗೆ ಪತ್ರ ಬರೆದರು. ಆ ಪತ್ರ ಫ್ಯಾಕ್ಸ್‌ನಲ್ಲಿ ಹೋಗಿ ಎಲ್ಲಿಯೋ ಕಳೆದುಹೋಯಿತು. ಜುಲೈಯಲ್ಲಿ ನಾನೇ ಫೋನ್ ಮಾಡಿ ವಿಚಾರಿಸಿದಾಗಲೇ ನನ್ನ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲವೆಂದು ತಿಳಿದದ್ದು. ನಾಲ್ಕು ತಿಂಗಳು ವ್ಯರ್ಥವಾಯಿತೆಂಬ ನೋವು ಇನ್ನೂ ಇದೆ. ನೀವು ಹಾಗೆ ಮಾಡಿಕೊಳ್ಳಬೇಡಿ. ಯಾವ ತಜ್ಞರಿಗೆ ಪತ್ರ ಹೋದರೂ ಎರಡು ವಾರ ಬಿಟ್ಟು ಆ ಕಚೇರಿಗೆ ಫೋನ್ ಮಾಡಿ, ಪತ್ರ ತಲುಪಿದೆಯೇ ಎಂದು ಕೇಳಿ. ಸೆಪ್ಟೆಂಬರಿನಲ್ಲಿ ಫಿಸಿಯೊಥೆರಪಿಸ್ಟ್ ಒಬ್ಬರು ಪರೀಕ್ಷಿಸಿದರು, ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸಕರು ನೋಡಿದರು, ಜೂನ್ ಎರಡನೆಯ ವಾರದ ದಿನಾಂಕ ಕೊಟ್ಟರು.

ಇದಕ್ಕೆಲ್ಲ ನಾನು ಒಂದು ಡಾಲರ್ ಕೂಡ ಕೊಟ್ಟಿಲ್ಲ. ಆಸ್ಪತ್ರೆ, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಒಳಗೆ ಕೂರಿಸುವ ಕೀಲು ಎಲ್ಲವೂ ಓಹಿಪ್, ಅಂದರೆ ನಮ್ಮ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಬರುತ್ತದೆ. ವಾಕರ್, ಕಮೋಡಿನ ಮೇಲೆ ಇಡುವ ಎತ್ತರದ ಆಸನ ಇಂಥವನ್ನು ಮಾತ್ರ ನಾವೇ ಹೊಂದಿಸಿಕೊಳ್ಳಬೇಕು. ಬೆಂಗಳೂರಿಗೆ ಹೋಗಿ ಒಂದೆರಡು ವಾರಗಳಲ್ಲಿ ಮಾಡಿಸಿಕೊಂಡು ಬನ್ನಿ ಎಂದು ತಮ್ಮ ಹೇಳಿದ. ನಾನು ಒಪ್ಪಲಿಲ್ಲ, ಏಕೆಂದರೆ ಶಸ್ತ್ರಚಿಕಿತ್ಸೆಯ ಮರುದಿನದಿಂದ ತಿಂಗಳುಗಟ್ಟಲೆ ಮಾಡಬೇಕಾದ ವ್ಯಾಯಾಮವೇ ದೊಡ್ಡ ಕೆಲಸ, ಮತ್ತು ಅದನ್ನು ಮಾಡಿಸುವ ಮಗಳು ಇರುವುದು ಇಲ್ಲಿ.

ನಿವೃತ್ತಿಯ ದಿನಗಳ ಬಗ್ಗೆ ಕೇಳಿದ್ದೀರಿ. ನನ್ನ ದಿನಗಳನ್ನು ತುಂಬಿದ್ದು ಗಾಲ್ಫ್ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗೆ ರೇಸ್‌ಕೋರ್ಸ್ ಬಳಿಯ ಗಾಲ್ಫ್ ಮೈದಾನವನ್ನು ಹುಡುಗನಾಗಿದ್ದಾಗ ಬೇಲಿಯಾಚೆಯಿಂದ ನೋಡಿದ್ದೆ. ಅದು ನಮ್ಮಂಥವರ ಆಟವೆಂದು ಆಗ ಅನ್ನಿಸಿರಲಿಲ್ಲ. ಇಲ್ಲಿ ನಗರಸಭೆಯೇ ನಡೆಸುವ ಮೈದಾನಗಳಿವೆ, ಯಾರು ಬೇಕಾದರೂ ಶುಲ್ಕ ಕೊಟ್ಟು ಆಡಬಹುದು. ಬ್ರೇಬೆನ್ ಎಂಬುದನ್ನು ಊರಿನ ಹಳೆಯ ಕಸದ ಗುಡ್ಡದ ಮೇಲೆ ಕಟ್ಟಿದ್ದಾರೆ. ಅದರ ಎತ್ತರದಲ್ಲಿ ನಿಂತರೆ ನಗರ ಸುತ್ತಲೂ ಕಾಣುತ್ತದೆ. ಲೇಕ್‌ವ್ಯೂ ಎಂಬ ಇನ್ನೊಂದರಲ್ಲಿ 1923 ಮತ್ತು 1934ರಲ್ಲಿ ಕೆನಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ನಡೆದಿತ್ತು. ಐವತ್ತು ದಾಟಿದ ಮೇಲೆ ಸಹೋದ್ಯೋಗಿಯೊಬ್ಬರು ಕೈಗೆ ಕೋಲು ಕೊಟ್ಟು ಕಲಿಸಿದರು. ಅಂದಿನಿಂದ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಂಗಳವಾರ, ಗುರುವಾರ ಬೆಳಗ್ಗೆ ನಾಲ್ವರು ಸೇರುತ್ತೇವೆ: ಪೋರ್ಚುಗಲ್‌ನಿಂದ ಬಂದ ಬಡಗಿ, ಜಲಂಧರದ ಟ್ರಕ್ ಚಾಲಕ, ಹುಬ್ಬಳ್ಳಿಯ ಲೆಕ್ಕಪರಿಶೋಧಕರು, ನಾನು. ಬಲಗೈಯಿಂದ ಆಡುವವನು ಚೆಂಡು ಹೊಡೆಯುವಾಗ ಮೈಭಾರವೆಲ್ಲ ತಿರುಗಿ ಎಡಗಾಲಿಗೆ ಬರುತ್ತದೆ. ನನಗೆ ಸವೆದಿರುವುದೂ ಅದೇ ಮಂಡಿ. ಆದ್ದರಿಂದ ಈ ವರ್ಷ ದೊಡ್ಡ ಹೊಡೆತಗಳನ್ನು ನಿಲ್ಲಿಸಿದ್ದೇನೆ. ಅವರು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಚೆಂಡು ಬೀಳಿಸುವ ಒಂಬತ್ತು ಕುಳಿ ಸುತ್ತಿಸುತ್ತಾರೆ, ಕುಳಿಯ ಹತ್ತಿರ ಬಂದಾಗ ಕೊನೆಯ ಮೆಲುಹೊಡೆತವನ್ನು ನನಗೆ ಬಿಡುತ್ತಾರೆ. ಮನೆಯಲ್ಲಿ ಒಬ್ಬನೇ ಕುಳಿತಿದ್ದರೆ ಈ ಆರು ತಿಂಗಳು ಬಹಳ ಉದ್ದವಾಗುತ್ತಿತ್ತು. ಇಂಥ ನಾಲ್ಕು ಜನರನ್ನು ಈಗಲೇ ಸಂಪಾದಿಸಿಕೊಳ್ಳಿ. ಗಾಲ್ಫೇ ಆಗಬೇಕಿಲ್ಲ, ಕನ್ನಡ ಸಂಘದ ಕೆಲಸವೋ ದೇವಸ್ಥಾನದ ಅಡುಗೆಮನೆಯೋ ಯಾವುದಾದರೂ ಸರಿ.

ಮನೆಯಲ್ಲಿ ಮಲಗುವ ಕೋಣೆ ಇರುವುದು ಮಹಡಿಯ ಮೇಲೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ಆರು ವರ್ಷದ ಮೊಮ್ಮಗಳು ಬಾಯಿಪಾಠ ಮಾಡಿ, ಮೆಟ್ಟಿಲ ಕೆಳಗೆ ನಿಂತು, ನಾನು ತಪ್ಪಿದರೆ ‘ಅಜ್ಜಾ, ಆ ಕಾಲಲ್ಲ’ ಎನ್ನುತ್ತಾಳೆ. ಸಂಜೆ ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, ಕಾಲನ್ನು ಒತ್ತಿ ಹಿಡಿದು ಐದು ಎಣಿಸಬೇಕು, ಹೀಗೆ ಹತ್ತು ಬಾರಿ. ಎಣಿಸುವವಳು ಅವಳೇ, ಕನ್ನಡದಲ್ಲಿಯೇ. ಕನ್ನಡದ ಎಣಿಕೆಯನ್ನು ಅವಳು ಕಲಿತದ್ದು ಹೀಗೆಯೇ. ಆಮೇಲೆ ನನ್ನ ಮನೆಯವರು ಫ್ರೀಜರ್‌ನಿಂದ ಬಟಾಣಿ ಪೊಟ್ಟಣ ತೆಗೆದು ಬಟ್ಟೆಯಲ್ಲಿ ಸುತ್ತಿ ಮಂಡಿಯ ಮೇಲಿಡುತ್ತಾರೆ. ನೆಲದ ಮೇಲೆ ಕುಳಿತು ಪೂಜೆ ಮಾಡಲಾಗದೆ ಕುರ್ಚಿ ಹಾಕಿಕೊಂಡದ್ದು ಮಾತ್ರ ಮನಸ್ಸಿಗೆ ಇನ್ನೂ ಒಗ್ಗಿಲ್ಲ.

ಹಣದ ಮಾತು ಚಿಕ್ಕದು. 65 ತುಂಬಿದ ಮೇಲೆ ಬರುವ ವೃದ್ಧಾಪ್ಯ ವೇತನಕ್ಕೆ ಇಲ್ಲಿ ಕನಿಷ್ಠ 10 ವರ್ಷ, ಪೂರ್ತಿ ಮೊತ್ತಕ್ಕೆ 40 ವರ್ಷ ವಾಸವಿರಬೇಕು; ನನಗೆ 40ರಲ್ಲಿ 34 ಪಾಲು ಬರುತ್ತದೆ. ಉದ್ಯೋಗದ ಪಿಂಚಣಿ ಬೇರೆ. ಸರಳವಾಗಿ ಬಾಳಿದರೆ ಸಾಕಾಗುತ್ತದೆ.

ತಾಯಿಯವರ ವಿಚಾರದಲ್ಲಿ ನೀವು ಹೆಚ್ಚು ಎಚ್ಚರ ವಹಿಸಬೇಕು. ಇಲ್ಲಿರುವವರ ತಂದೆತಾಯಿ, ಅಜ್ಜಅಜ್ಜಿಯರಿಗೆ ಕೊಡುವ ಸೂಪರ್ ವೀಸಾದಲ್ಲಿ ಅವರು ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು, ಆದರೆ ಅವರಿಗೆ ಓಹಿಪ್ ಇರುವುದಿಲ್ಲ. ಕನಿಷ್ಠ 1,00,000 ಡಾಲರ್ ಮೊತ್ತದ ಖಾಸಗಿ ಆರೋಗ್ಯ ವಿಮೆ ಮಾಡಿಸಲೇಬೇಕು. ಅವರಿಗೂ ಸಕ್ಕರೆ ಕಾಯಿಲೆ, ಮಂಡಿ ನೋವು ಇದೆ ಎಂದು ಬರೆದಿದ್ದೀರಿ. ಮೊದಲೇ ಇರುವ ಕಾಯಿಲೆಗಳ ಬಗ್ಗೆ ವಿಮೆಯ ಕಾಗದದಲ್ಲಿ ಏನಿದೆಯೆಂದು ಒಂದೊಂದು ಸಾಲನ್ನೂ ಓದಿ, ಏನನ್ನೂ ಮುಚ್ಚಿಡದೆ ಬರೆಯಿಸಿ. ಮಂಡಿಗೆ ಶಸ್ತ್ರಚಿಕಿತ್ಸೆ ಬೇಕೆಂದು ಅಲ್ಲಿನ ವೈದ್ಯರು ಹೇಳಿದ್ದರೆ ಅದನ್ನು ಅಲ್ಲಿಯೇ ಮಾಡಿಸಿ, ಚೆನ್ನಾಗಿ ನಡೆದಾಡುವಂತಾದ ಮೇಲೆ ಕರೆತನ್ನಿ. ಟಿಕೆಟನ್ನು ಮೇ ತಿಂಗಳಿಗೆ ತೆಗೆಯಿರಿ. ಮೊದಲ ಬಾರಿಗೆ ಬರುವವರು ಜನವರಿಯ ಹಿಮದಲ್ಲಿ ಇಳಿದರೆ ಮನೆಯಿಂದ ಹೊರಗೆ ಕಾಲಿಡಲು ಅಂಜುತ್ತಾರೆ, ಆ ಅಂಜಿಕೆ ಬೇಗ ಹೋಗುವುದಿಲ್ಲ.

ಜೂನ್‌ಗೆ ಮೊದಲು ಒಂದು ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ವಿಮೆಯ ಕಾಗದಗಳನ್ನೂ ತನ್ನಿ, ಹುಬ್ಬಳ್ಳಿಯ ಸ್ನೇಹಿತರನ್ನು ಕರೆಸಿರುತ್ತೇನೆ. ಒಟ್ಟಿಗೆ ಕುಳಿತು ಓದೋಣ.