ನಮ್ಮ ಗಡಿ ಚಾವಡಿಯಲ್ಲಿದೆ

ಗಡಿ ಜಗಳದ ಚಿತ್ರ ಅಂದರೆ ಬಾವುಟ, ಮೆರವಣಿಗೆ, ಪೊಲೀಸರು ಇರಬೇಕಲ್ವಾ ಎಂದು ಕೇಳಿದ್ದೀರಿ. ನಾನು ಬಿಡಿಸುವುದು ಅಜ್ಜಿ, ಅಪ್ಪ, ಹೆಂಡತಿ, ಮಗಳನ್ನು. ಕಾಸರಗೋಡಿನವರಿಗೆ ಗಡಿ ದಿನಾ ಎದುರಾಗುವುದು ಮನೆಯೊಳಗೇ.

1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು ಗಡಿ ವಿವಾದ ಬಗೆಹರಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಜಾರಿಗೆ ಬರಲಿಲ್ಲ. ಅಪ್ಪನ ಹರೆಯವೆಲ್ಲ ಆ ಹೋರಾಟದಲ್ಲೇ ಕಳೆಯಿತು. ಈಗ ಮನೆಯಲ್ಲಿ ಅಜ್ಜಿ ಬೈಯುವುದು ತುಳುವಿನಲ್ಲಿ, ಅಪ್ಪ ಓದುವುದು ಕನ್ನಡ ಪೇಪರ್, ರೇಷನ್ ಕಾರ್ಡಿನಲ್ಲಿರುವುದು ಮಲಯಾಳ. ಮಗಳನ್ನು ಕನ್ನಡ ಮೀಡಿಯಂಗೆ ಸೇರಿಸುವುದಾ ಬೇಡವಾ ಅಂತ ಊಟಕ್ಕೆ ಕೂತಾಗ ಜಗಳ. ಅಪ್ಪನಿಗೆ ಅದು ಮಾನದ ಪ್ರಶ್ನೆ, ಹೆಂಡತಿಗೆ ಮಗಳ ಮುಂದಿನ ಕೆಲಸದ ಚಿಂತೆ. ಇಬ್ಬರ ಮಾತನ್ನೂ ತಳ್ಳಿಹಾಕಲು ನನಗಾಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ದಾರಿ ಸಿಗದೆ ರೋಗಿಗಳು ಸತ್ತರು. ಯಾವ ರಾಜ್ಯಕ್ಕೆ ಸೇರಬೇಕೆಂದು ಅಪ್ಪ ಕೂಗಿದ್ದರೋ ಆ ರಾಜ್ಯವೇ ಬಾಗಿಲು ಹಾಕಿತ್ತು.

ಆ ಮಣ್ಣಿನ ರಾಶಿಯನ್ನು ನಾನು ರಸ್ತೆಯಲ್ಲಿ ಬಿಡಿಸಲಿಲ್ಲ, ನಮ್ಮ ಚಾವಡಿಯ, ಅಂದರೆ ಮನೆಯ ಹಜಾರದ, ನಡುವೆ ತಂದು ಹಾಕಿದೆ. ಈಚೆ ಅಜ್ಜಿ, ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ. ಆಚೆ ಮಂಗಳೂರಿಗೆ ಮದುವೆ ಮಾಡಿಕೊಟ್ಟ ಅತ್ತೆ, ಕೈಯಲ್ಲಿ ಅಜ್ಜಿಯ ಮದ್ದಿನ ಚೀಟಿ. ರಾಶಿಗೆ ಬಳಸಿದ್ದು ನಮ್ಮ ಕಡೆಯ ಕೆಂಪು ಮುರಕಲ್ಲಿನ ಪುಡಿ. ಜರಡಿ ಹಿಡಿದು, ಅಂಟಿನಲ್ಲಿ ಕಲಸಿ, ಚೂರಿಯಲ್ಲಿ ಮೆತ್ತಿದೆ. ಟ್ಯೂಬಿನ ಬಣ್ಣಕ್ಕೆ ಆ ಒರಟುತನ ಬರುವುದಿಲ್ಲ. ಮುಟ್ಟಿದರೆ ಇವತ್ತಿಗೂ ಬೆರಳು ಕೆಂಪಾಗುತ್ತದೆ.

ಅಪ್ಪ ಅದನ್ನು ತುಂಬಾ ಹೊತ್ತು ನೋಡಿದರು. ಹೊರಗೆ ತೋರಿಸಬೇಡ, ನಮ್ಮವರನ್ನೇ ದೂರಿದ ಹಾಗಾಗುತ್ತದೆ ಎಂದರು. ಆದರೂ ತೋರಿಸಿದೆ. ಸಿಟ್ಟು ನಮ್ಮವರ ಮೇಲೇ ಇದ್ದಾಗ ಅದನ್ನು ಮುಚ್ಚಿಟ್ಟು ಚಿತ್ರ ಬಿಡಿಸುವುದು ಹೇಗೆ?

ನೀವು ಯಾರ ಪರ ಅಂತಲೂ ಕೇಳಿದ್ದೀರಿ. ಕನ್ನಡದ ಪರ, ಅದರಲ್ಲಿ ಅನುಮಾನವೇ ಬೇಡ. ಇಲ್ಲಿನ ಕನ್ನಡ ಶಾಲೆಗಳು ಉಳಿಯಬೇಕು, ಸರ್ಕಾರಿ ಅರ್ಜಿಗಳು ಕನ್ನಡದಲ್ಲೂ ಸಿಗಬೇಕು. ಆದರೆ ಪಕ್ಕದ ಮನೆಯ ಮಲಯಾಳಿ ಅಕ್ಕನನ್ನು ಶತ್ರುವಿನ ಹಾಗೆ ನನ್ನಿಂದ ಬಿಡಿಸಲಾಗದು. ಅವರ ಮನೆಯಲ್ಲೂ ಚಿತ್ರ ಬರೆಯುವವರು ಯಾರಾದರೂ ಇದ್ದಿದ್ದರೆ, ನಮ್ಮನ್ನು ಹೇಗೆ ಬರೆಯುತ್ತಿದ್ದರೋ ನೋಡುವ ಆಸೆ ನನಗೆ ಬಹಳ ಇದೆ.