ಆದಿತ್ಯವಾರದ ಆಚೆಗಿನ ಚರ್ಚು

ಮಾನ್ಯರೇ,

ಸುರಪುರದಿಂದ ತಾವು ಬರೆದ ಪತ್ರ ತಲುಪಿತು. ನಮ್ಮ ಡಿಸೆಂಬರ್ ಸಂಚಿಕೆಯ ಲೇಖನವು ಮಿಷನ್ ಶಾಲೆ, ಮಿಷನ್ ಆಸ್ಪತ್ರೆಗಳನ್ನು ಹೊಗಳಿದ್ದನ್ನು ಆಕ್ಷೇಪಿಸಿ, "ಅದೆಲ್ಲ ನಿಜಾಮರ ಕಾಲದ ಮಾತು, ಇಂದು ಬೀದರ, ಕಲಬುರಗಿ, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವಾಗ ಚರ್ಚುಗಳಿಂದ ಊರಿಗೆ ಆಗಬೇಕಾದದ್ದೇನು?" ಎಂದು ಕೇಳಿದ್ದೀರಿ.

ಹಳೆಯ ಮಾತೆಂದು ಅದನ್ನು ಪೂರ್ತಿ ಬದಿಗಿಡಲು ನನಗೆ ಮನಸ್ಸಿಲ್ಲ. ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಸಭೆಗಳು, ಅಂದರೆ ಚರ್ಚಿನ ಭಕ್ತಸಮೂಹಗಳು, ಬೈಬಲನ್ನು ಕನ್ನಡದಲ್ಲಿ ಓದಿಸಿದವು, ಕೀರ್ತನೆಗಳನ್ನು ಕನ್ನಡದಲ್ಲಿ ಹಾಡಿಸಿದವು. ಅದೇ ಮಿಷನ್ನಿನ ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಸುತ್ತಲಿನ ಹಳ್ಳಿಗಳ ಹಿರಿಯರಿಗೆ ಇಂದಿಗೂ ಗೊತ್ತು. ಆದರೂ ಅಜ್ಜನ ದುಡಿಮೆಯನ್ನು ತೋರಿಸಿ ಮೊಮ್ಮಗ ಕೂತು ಉಣ್ಣುವಂತಿಲ್ಲ ಎಂಬ ತಮ್ಮ ಮಾತನ್ನು ಒಪ್ಪುತ್ತೇನೆ.

ಹೋದ ವರ್ಷ ಶಹಾಪುರದ ಕಡೆಯ ಹಳ್ಳಿಯೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ತಗಡಿನ ಮಾಡಿನ ಒಂದೇ ಕೋಣೆಯ ಚರ್ಚು. ಆರಾಧನೆ ಮುಗಿದ ಮೇಲೆ ಸಭಾಪಾಲಕರು (ಪಾದ್ರಿ) ಅದೇ ಚಾಪೆಯ ಮೇಲೆ ಕುಳಿತು, ಮುದುಕಿಯೊಬ್ಬರ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ತುಂಬುತ್ತಿದ್ದರು. ಆಕೆ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾಗಿ ಸವೆದ ಆಧಾರ್ ಪ್ರತಿಯನ್ನು ಕೊಟ್ಟರು. ಹಿಂದೆ ಇನ್ನೂ ಐದಾರು ಜನ ಸರದಿಯಲ್ಲಿದ್ದರು. ಅವರಲ್ಲಿ ಇಬ್ಬರು ಆ ಸಭೆಯವರೇ ಅಲ್ಲ. ವೈದ್ಯಕೀಯ ಕಾಲೇಜು ಎಷ್ಟು ದೊಡ್ಡದಾದರೂ ಈ ಕೆಲಸವನ್ನು ಮಾಡುವುದಿಲ್ಲ.

ಆ ಚರ್ಚಿರುವ ದಲಿತ ಕೇರಿಯ ಜನಕ್ಕೆ ಇಂತಹ ಆಸರೆ ಏಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಪರಿಶಿಷ್ಟ ಜಾತಿಯ ಮೀಸಲಾತಿ ಯಾರಿಗೆ ಸಲ್ಲುತ್ತದೆಂದು ಹೇಳುವ, ಮೊದಲು ಹೆಚ್ಚುಕಡಿಮೆ ಹಿಂದೂಗಳಿಗಷ್ಟೇ ಸೀಮಿತವಾಗಿದ್ದ 1950ರ ಪರಿಶಿಷ್ಟ ಜಾತಿಗಳ ಆದೇಶವನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು. ಆದರೆ ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಪ್ರಾರ್ಥನೆಯ ಮನೆ ಬದಲಾದ ಮಾತ್ರಕ್ಕೆ ಊರು ಅವರನ್ನು ನೋಡುವ ಕಣ್ಣು ಬದಲಾಗಲಿಲ್ಲ.

ಇನ್ನು ತಮ್ಮ ದೂರಿನಲ್ಲಿ ಹುರುಳಿರುವ ಭಾಗಕ್ಕೆ ಬರುತ್ತೇನೆ. ಪಟ್ಟಣದ ಕೆಲವು ಚರ್ಚುಗಳ ವಿಶಾಲ ಅಂಗಳಕ್ಕೆ ವಾರದ ಆರು ದಿನ ಬೀಗವಿರುತ್ತದೆ. ಆಸ್ತಿಯ ವ್ಯಾಜ್ಯದಲ್ಲಿ ಹಿರಿಯರ ವರ್ಷಗಳೇ ಕಳೆದುಹೋಗುತ್ತವೆ. ಮದುವೆಯ ಮಾತು ಬಂದಾಗ ಸಭೆಯೊಳಗೂ ಜಾತಿ ತಲೆ ಎತ್ತುತ್ತದೆ. ಇದು ನನಗೆ ನೋವಿನ ಸಂಗತಿ, ಏಕೆಂದರೆ ಜಾಗವೂ ಜನವೂ ಇದ್ದು ಮನಸ್ಸೊಂದೇ ಸಾಲದಾಗಿದೆ. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ, ಆ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಹುಮನಾಬಾದಿನ ಆರ್ಬಿಟ್ ಹಳ್ಳಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೊಡನೆ ದುಡಿದಿರುವುದನ್ನು ನೋಡಿದರೆ, ಆರಾಧನೆಯ ಆಚೆಗೂ ದಾರಿಯಿದೆಯೆಂಬುದು ತಿಳಿಯುತ್ತದೆ.

ನಮ್ಮ ಭಾಗದಿಂದ ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುವವರು ಎಷ್ಟೋ ಸಲ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋಗುತ್ತಾರೆ. ಆ ಬೀಗ ಹಾಕಿದ ಚರ್ಚುಗಳ ಸಭಾಂಗಣಗಳನ್ನು ಸಂಜೆ ಎರಡು ತಾಸು ತೆರೆದು, ದೀಪ ಹಾಕಿ, ಯಾವ ಧರ್ಮದವರೆಂದು ಕೇಳದೆ ಆ ಮಕ್ಕಳ ಅಭ್ಯಾಸಕ್ಕೆ ಕೊಡಲಿ. ಇದೇ ಕೋರಿಕೆಯೊಂದಿಗೆ ತಮ್ಮ ಪತ್ರದ ಪ್ರತಿಯನ್ನು, ಹೆಸರು ತೆಗೆದು, ಮೂರೂ ಜಿಲ್ಲೆಗಳ ಸಭಾ ಹಿರಿಯರಿಗೆ ಕಳಿಸುತ್ತಿದ್ದೇನೆ. ಬಂದ ಉತ್ತರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ