ಬರ್ಲಿನ್ ಗೋಡೆಯ ಮುಂದೆ ಕಾಸ್ಪರೋವ್

ಪ್ರಶ್ನೆ: ಚೆಸ್ ಕಲಿಯುತ್ತಿರುವ ನನ್ನ ಮಗಳಿಗೆ ಅವಳ ತರಬೇತುದಾರರು 2000ನೇ ಇಸವಿಯ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟವನ್ನು ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಎಂಟನೇ ನಡೆಗೇ ಎರಡೂ ರಾಣಿಗಳು ಹೋಗಿ, 25ನೇ ನಡೆಗೆ ಆಟ ಡ್ರಾ ಆಗಿದೆ. ಯಾರೂ ಗೆಲ್ಲದ ಇಂಥ ಆಟದಿಂದ ಮಕ್ಕಳು ಕಲಿಯುವುದೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತರಬೇತುದಾರರ ಆಯ್ಕೆ ಬಹಳ ಸರಿಯಾಗಿದೆ. ಲಂಡನ್ನಿನಲ್ಲಿ ನಡೆದ ಆ ಆಟದಲ್ಲಿ, 1985ರಿಂದ ಚಾಂಪಿಯನ್ ಆಗಿದ್ದ ಗ್ಯಾರಿ ಕಾಸ್ಪರೋವ್ ಬಿಳಿ ಕಾಯಿಗಳಿಂದ ರುಯ್ ಲೋಪೆಜ್ ಆರಂಭವನ್ನು ಆಡಿದಾಗ, ವ್ಲಾದಿಮಿರ್ ಕ್ರಾಮ್ನಿಕ್ ಮೂರನೇ ನಡೆಯಲ್ಲಿ ಕುದುರೆಯನ್ನು ಎಫ್6ಕ್ಕೆ ತಂದು ಬರ್ಲಿನ್ ರಕ್ಷಣೆಯನ್ನು ಆರಿಸಿಕೊಂಡರು. ಅಂದಿನ ದೊಡ್ಡ ಪಂದ್ಯಗಳಲ್ಲಿ ಅಪರೂಪವಾಗಿದ್ದ ಹಳೆಯ ದಾರಿಯದು.

ಎಂಟನೇ ನಡೆಯಲ್ಲಿ ಕಾಸ್ಪರೋವ್ ಡಿ8 ಮನೆಯಲ್ಲಿದ್ದ ರಾಣಿಯನ್ನು ಹೊಡೆದರು; ಅದನ್ನು ಮರಳಿ ಹೊಡೆಯಲು ಕಪ್ಪು ರಾಜನೇ ಹೋಗಬೇಕಾದ್ದರಿಂದ ಅವನಿಗೆ ಕ್ಯಾಸ್ಲಿಂಗ್ (ಆನೆಯ ಜೊತೆ ಒಂದೇ ನಡೆಯಲ್ಲಿ ಮೂಲೆಯ ಕಡೆ ಸರಿದು ಸುರಕ್ಷಿತವಾಗುವುದು) ಅವಕಾಶ ತಪ್ಪಿತು. ಸಿ ಸಾಲಿನಲ್ಲಿ ಎರಡು ಕಪ್ಪು ಪದಾತಿಗಳು ಒಂದರ ಹಿಂದೊಂದು ನಿಂತಿವೆ; ಅವು ಒಂದನ್ನೊಂದು ಕಾಯಲಾರದ್ದರಿಂದ ಇದು ದೌರ್ಬಲ್ಯ. ಮಣೆಯ ರಾಜನ ಬದಿಯ ಅರ್ಧದಲ್ಲಿ (ಇಯಿಂದ ಎಚ್ ಸಾಲಿನವರೆಗೆ) ಬಿಳಿಗೆ ನಾಲ್ಕು ಪದಾತಿಗಳು, ಕಪ್ಪಿಗೆ ಮೂರೇ. ಹಾಗಿದ್ದರೂ ಕಪ್ಪು ಏಕೆ ಸೋಲಲಿಲ್ಲ? ರಾಣಿ ಇಲ್ಲದ ಕಾರಣ ನಡುವೆ ನಿಂತ ರಾಜನ ಮೇಲೆ ದಾಳಿ ಕಟ್ಟುವುದು ಕಷ್ಟ, ಜೊತೆಗೆ ಕಪ್ಪಿನ ಬಳಿ ಎರಡೂ ಬಿಷಪ್‌ಗಳು ಉಳಿದಿವೆ. ಕ್ರಾಮ್ನಿಕ್ ತಮ್ಮ ರಾಜನನ್ನು ಆತುರವಿಲ್ಲದೆ ಸಿ8ಕ್ಕೂ ಮುಂದೆ ಬಿ7ಕ್ಕೂ ನಡೆಸಿದರು, ಎಚ್ ಪದಾತಿಯನ್ನು ಎಚ್4ರವರೆಗೆ ನೂಕಿ ಬಿಳಿ ಪದಾತಿಗಳ ಮುನ್ನಡೆಗೆ ಅಡ್ಡಿಯಿಟ್ಟರು. ದಾಳಿಯಲ್ಲಿ ಎಣೆಯಿಲ್ಲದ ಆಟಗಾರನಿಗೆ ದಾಳಿ ಮಾಡಲು ಏನೂ ಸಿಗದಂತೆ ಮಾಡಿದ ಈ ತಾಳ್ಮೆ ನನ್ನ ಕಣ್ಣಿಗೆ ಗೆಲುವಿನಷ್ಟೇ ಸುಂದರ.

ಕಪ್ಪು ಕಾಯಿಗಳಲ್ಲಿ ಡ್ರಾದಿಂದ ಪಡೆದ ಆ ಅರ್ಧ ಅಂಕದ ಬೆಲೆ ಮುಂದಿನ ಆಟದಲ್ಲೇ ತಿಳಿಯಿತು: ಬಿಳಿ ಕಾಯಿಗಳು ಕೈಗೆ ಬಂದಾಗ ಕ್ರಾಮ್ನಿಕ್ ಗೆದ್ದರು. ಹದಿನೈದು ಆಟಗಳಲ್ಲಿ ಕಾಸ್ಪರೋವ್‌ಗೆ ಒಂದೂ ಗೆಲುವು ದಕ್ಕದೆ, 8.5–6.5ರಿಂದ ಪಟ್ಟ ಕೈಬಿಟ್ಟಿತು. ಆ ರಕ್ಷಣೆಗೆ ‘ಬರ್ಲಿನ್ ಗೋಡೆ’ ಎಂಬ ಹೆಸರು ಅಂಟಿಕೊಂಡಿತು. ಎಲ್ಲ ಡ್ರಾಗಳೂ ಹೀಗಿರುತ್ತವೆ ಎಂದು ನಾನು ಹೇಳಲಾರೆ. ಇದೇ ಸರಣಿಯ ಹದಿಮೂರನೇ ಆಟ ಕೇವಲ 14 ನಡೆಗಳಿಗೆ ನಿಂತಿತು, ಅದರಲ್ಲಿ ಮಗುವಿಗೆ ಸಿಗುವುದು ಕಡಿಮೆ.

ತಾವು ಒಂದು ಕೆಲಸ ಮಾಡಿ. ಎಂಟನೇ ನಡೆಯ ನಂತರದ ಸ್ಥಿತಿಯನ್ನು ಮಣೆಯ ಮೇಲಿಟ್ಟು, ರಾಜ ಮತ್ತು ಪದಾತಿಗಳನ್ನು ಬಿಟ್ಟು ಉಳಿದ ಕಾಯಿಗಳನ್ನೆಲ್ಲ ತೆಗೆದು, ಮಗಳಿಗೆ ಬಿಳಿ ಕಾಯಿಗಳನ್ನು ಕೊಟ್ಟು ಆಡಿಸಿ. ಸಾಮಾನ್ಯವಾಗಿ ಬಿಳಿಯೇ ಗೆಲ್ಲುತ್ತದೆ. ಕ್ರಾಮ್ನಿಕ್ ತಮ್ಮ ಬಿಷಪ್‌ಗಳನ್ನು ಏಕೆ ಅಷ್ಟು ಜೋಪಾನ ಮಾಡಿದರೆಂಬುದು ಆಗ ಅವಳಿಗೆ ತಾನಾಗಿ ಹೊಳೆಯುತ್ತದೆ.